ಗದ್ದಿಗೆ ಕಂಬಳಿಯೂ ರಂಗಕ್ಕನ ಮೂಗೂ

ಕಂಬಳಿಯನ್ನು ಮಗುಚಿ ಹಾಕಲಿಲ್ಲ. ನಾನು ಮಾಡದೆ ಬಿಟ್ಟ ಕೆಲಸ ಅಷ್ಟೇ. ಬಂಡೆಯ ಮೇಲೆ ಹರಡಿದ್ದ ಒದ್ದೆ ಕಂಬಳಿಯ ಮೇಲ್ಮೈ ಒಣಗಿತ್ತು, ಅಡಿ ಒಣಗಿರಲಿಲ್ಲ. ನಾನು ಅದನ್ನು ಹಾಗೆಯೇ ಮಡಿಸಿ ಒಳಗಿಟ್ಟುಬಿಟ್ಟೆ. ಆಮೇಲೆ ಅದರಿಂದ ನಾತ ಎದ್ದಾಗ ತಪ್ಪು ನಮ್ಮ ಮನೆಯ ನಾಯಿಯ ತಲೆಗೆ ಬಂತು, ನಾಯಿಯ ತಲೆಯಿಂದ ನಮ್ಮ ಅಕ್ಕನ ತಲೆಗೆ ಬಂತು. ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅಕ್ಕನಿಗೆ ಮದುವೆಯಾಗಿ, ಮಕ್ಕಳಾಗಿ, ನನಗೂ ಮದುವೆಯಾದರೂ ಬಿಡಲಿಲ್ಲ.

ಇಷ್ಟನ್ನು ಮೊದಲೇ ಹೇಳಿಬಿಟ್ಟದ್ದು ಒಳ್ಳೆಯದಾಯಿತು. ಇನ್ನು ನಿಧಾನವಾಗಿ ಆ ಅಕ್ಕನ, ನಮ್ಮ ರಂಗಕ್ಕನ ಮೂಗನ್ನು ಹೊಗಳಬಹುದು.

ನನಗೊಂದು ಕೆಟ್ಟ ಚಾಳಿಯಿದೆ. ಯಾರ ಮನೆಗೆ ಹೋದರೂ ಕೂರುವ ಮುಂಚೆ ಅವರ ಚಾಪೆಯನ್ನೋ ಜಮಖಾನವನ್ನೋ ಒಮ್ಮೆ ಮೂಸುತ್ತೇನೆ. ಬೇಕೆಂದು ಮಾಡುವುದಲ್ಲ, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಾನಾಗಿಯೇ ಬಗ್ಗುತ್ತದೆ. ಒಮ್ಮೆ ಮಗನಿಗೆ ಹೆಣ್ಣು ನೋಡಲು ಹೋದಾಗಲೂ ಹೀಗೆ ಬಗ್ಗಿದೆ. ಮಗ ಕಿವಿಯಲ್ಲಿ, "ಅಮ್ಮ, ನೀನು ಸೊಸೆ ನೋಡೋಕೆ ಬಂದಿದ್ಯೋ, ಕಳ್ಳನ್ನ ಹಿಡಿಯೋಕೆ ಬಂದಿದ್ಯೋ?" ಎಂದ. ಹೆಣ್ಣಿನ ತಾಯಿ ನಾನು ನಮಸ್ಕಾರ ಮಾಡುತ್ತಿದ್ದೇನೆಂದು ತಿಳಿದು ತಾವೂ ಬಗ್ಗಿದರು. ಇಬ್ಬರ ತಲೆಯೂ ಡಿಕ್ಕಿ ಹೊಡೆಯಿತು. ಅವರ ಮನೆಯಲ್ಲಿ ಬೆಕ್ಕಿತ್ತು. ನಾನು ಹೇಳಲಿಲ್ಲ, ಆದರೆ ಇತ್ತು.

ಈ ಚಾಳಿ ನನಗೆ ಅಕ್ಕನಿಂದ ಬಂದದ್ದು. ಚಾಳಿ ಬಂತೇ ಹೊರತು ವಿದ್ಯೆ ಬರಲಿಲ್ಲ. ಅವಳು ಮೂಸಿದರೆ ಇದು ಬೆಕ್ಕು, ಇದು ನಾಯಿ, ಇದು ಆಡಿನ ಮರಿ, ಇದು ನಿಮ್ಮ ಮನೆ ಕೂಸು, ಸುಮ್ಮನೆ ಬೆಕ್ಕಿನ ಮೇಲೆ ಹಾಕಬೇಡಿ ಎಂದು ಹೇಳಿಬಿಡುತ್ತಿದ್ದಳು. ನನಗೆ ತಿಳಿಯುವುದು ಇದೆಯೋ ಇಲ್ಲವೋ ಎಂಬುದಷ್ಟೇ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅಕ್ಕ ಅದೂ ಇಲ್ಲ. ಐದನೇ ಕ್ಲಾಸಿಗೆ ದೊಡ್ಡೇರಿಗೆ ನಡೆಯಬೇಕಿತ್ತು. ಹೆಣ್ಣು ಮಗು ಅಷ್ಟು ದೂರ ಯಾಕೆ ಎಂದು ಅಪ್ಪ, ಅಷ್ಟು ದೂರ ನಡೆಯುವವರು ಯಾರು ಎಂದು ನಾನು, ಇಬ್ಬರೂ ಒಪ್ಪಿ ನಿಲ್ಲಿಸಿದೆವು. ಆದ್ದರಿಂದ ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ದೊಡ್ಡೇರಿಯ ಆಚೆಯ ನಮ್ಮ ಹಳ್ಳಿಯ ಮನೆಯಲ್ಲಿ ಜನಕ್ಕಿಂತ ಪ್ರಾಣಿಗಳೇ ಹೆಚ್ಚು. ಎತ್ತು, ಎಮ್ಮೆ, ಆಡು, ಕೋಳಿ, ಇಲಿಗೆಂದು ಸಾಕಿದ ಬೆಕ್ಕು, ಬೆಕ್ಕಿಗೆ ಹೆದರದ ಇಲಿ. ಆ ಮನೆಗೊಂದು ವಾಸನೆಯಿತ್ತು. ಹುಟ್ಟಿದಾಗಿನಿಂದ ಅದರಲ್ಲೇ ಇದ್ದವರಿಗೆ ಅದು ವಾಸನೆಯಲ್ಲ, ಮನೆ. ಮಧುಗಿರಿ ಪೇಟೆಯಿಂದ ಬರುತ್ತಿದ್ದ ಸೋದರತ್ತೆ ಮಾತ್ರ ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ಊಟದ ಹೊತ್ತಿಗೆ ಸೆರಗು ತಾನಾಗಿಯೇ ಕೆಳಗಿಳಿಯುತ್ತಿತ್ತು.

ಅಕ್ಕನಿಗೊಂದು ನಾಯಿ ಇತ್ತು. ಕೆಂದು ಬಣ್ಣದ್ದು, ಅದಕ್ಕೇ ಕೆಂಚ. ಮನೆಯ ನಾಯಿ ಎಂದು ಅಪ್ಪ ಹೇಳಿಕೊಂಡರೂ ಕೆಂಚನಿಗೆ ಗೊತ್ತಿದ್ದದ್ದು ಅಕ್ಕ ಒಬ್ಬಳೇ. ಅದು ಮರಿಯಾಗಿದ್ದಾಗಲೇ ಅವಳು ಕೊಟ್ಟಿಗೆಯ ಮೂಲೆಯಲ್ಲಿ ಹಳೆ ಗೋಣಿಚೀಲ ಹಾಸಿ, "ಇದು ನಿಂದು, ಅದು ನಮ್ದು" ಎಂದು ಹೊಸಿಲು ತೋರಿಸಿ ಕಲಿಸಿದ್ದಳು. ಕೆಂಚ ಎರಡು ಮುಂಗಾಲನ್ನೂ ಹೊಸಿಲಿನ ಅಂಚಿಗೆ ಸರಿಯಾಗಿ ಜೋಡಿಸಿಕೊಂಡು, ಮೂಗನ್ನು ಮಾತ್ರ ಒಳಗೆ ಚಾಚಿ ಮಲಗುತ್ತಿತ್ತು. ಮೂಗಿಗೆ ಅಕ್ಕ ಯಾವ ಕಟ್ಟಳೆಯನ್ನೂ ಹಾಕಿರಲಿಲ್ಲ. ಗೋಣಿಚೀಲವನ್ನು ಸಂತೆಯ ದಿನ ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು, ಬೇವಿನ ಸೊಪ್ಪು ಉಜ್ಜುತ್ತಿದ್ದಳು. ನಮ್ಮ ಚಾಪೆಗಳಿಗೂ ಅಷ್ಟು ಸೇವೆ ನಡೆಯುತ್ತಿರಲಿಲ್ಲ. ಒಂದೇ ಒಂದು ಸಲ, ಗುಡುಗಿಗೆ ಹೆದರಿ ಕೆಂಚ ಒಳಗೆ ನುಗ್ಗಿ ಅಪ್ಪನ ಕಣ್ಣಿಗೆ ಬಿದ್ದಿತ್ತು. ಆ ಒಂದು ಸಲವನ್ನು ಅಪ್ಪ ಮರೆಯಲಿಲ್ಲ.

ಇನ್ನು ಕಂಬಳಿಯ ವಿಷಯ. ನಮ್ಮವರಲ್ಲಿ ಮದುವೆಯ ಮಾತು ನಡೆಯುವಾಗ ಕರಿ ಕಂಬಳಿಯನ್ನು ಹಾಸಿ, ಅದರ ಮೇಲೆ ಅಕ್ಕಿಯಿಂದ ಗುರುತು ಬರೆದು, ಎರಡು ಕಡೆಯ ಹಿರಿಯರು ಕೂರುತ್ತಾರೆ. ಅದಕ್ಕೆ ಗದ್ದಿಗೆ ಎನ್ನುತ್ತೇವೆ. ಗದ್ದಿಗೆಯ ಮೇಲೆ ಆಡಿದ ಮಾತನ್ನು ತಿರುಗಿಸುವಂತಿಲ್ಲ. ಆ ಕಂಬಳಿ ನಮ್ಮ ಊರಿನ ಮನೆತನಗಳಲ್ಲಿ ಸರದಿಯ ಮೇಲೆ ಇರುತ್ತಿತ್ತು. ಹಳೆಯದು ನುಸಿ ತಿಂದು ಹೋದದ್ದರಿಂದ ಶಿರಾ ಕಡೆಯ ನೇಕಾರರಿಂದ ಹೊಸದನ್ನು ತರಿಸಿದಾಗ, ಸರದಿ ನಮ್ಮ ಮನೆಗೇ ಬಂತು. ಅಪ್ಪ ಅದನ್ನು ಹೆಗಲ ಮೇಲೆ ಹಾಕಿಕೊಂಡು ಊರಿನ ಎಲ್ಲ ಬೀದಿಗಳಲ್ಲೂ ಸುತ್ತಿಯೇ ಮನೆಗೆ ಬಂದರು. ಊರ ಬಾಗಿಲಿನಿಂದ ನಮ್ಮ ಮನೆಗೆ ಬರಲು ಅಷ್ಟು ಬೀದಿಗಳ ಅಗತ್ಯವಿರಲಿಲ್ಲ.

ಕಂಬಳಿ ನೇಯುವಾಗ ನೂಲಿಗೆ ಹುಣಸೆ ಬೀಜದ ಗಂಜಿ ಕುಡಿಸುತ್ತಾರೆ. ಅದಕ್ಕೇ ಹೊಸ ಕಂಬಳಿ ತಡಿಕೆಯ ಹಾಗೆ ಬಿರುಸಾಗಿರುತ್ತದೆ. ಅಮ್ಮ ಅದನ್ನು ಮೆತ್ತಗೆ ಮಾಡಲು ಕಟ್ಟೆಯ ನೀರಿನಲ್ಲಿ ನೆನೆಸಿ, ಊರಾಚೆಯ ಬಂಡೆಯ ಮೇಲೆ ಹರಡಿ, ಅಕ್ಕನಿಗೆ ನೋಡಿಕೊಳ್ಳಲು ಹೇಳಿದಳು. ಅಕ್ಕ ಎಮ್ಮೆಗೆ ಹುಲ್ಲು ತರಲು ಹೊರಟವಳು ನನಗೆ ಹೇಳಿದಳು.

"ಲೇ ಗೌರಿ, ಮೇಲ್ಗಡೆ ಒಣಗಿದ ಮ್ಯಾಲೆ ಮಗುಚಿ ಹಾಕು. ಬಿಸ್ಲು ಇಳಿಯೋವರ್ಗೂ ಇರ್ಲಿ. ಆಮ್ಯಾಕೆ ಮಡಿಸಿ ತತ್ತಾ."

"ಹೂಂ ಬುಡಕ್ಕ, ಅಷ್ಟೂ ಗೊತ್ತಿಲ್ವಾ ನಂಗೆ."

ಅಷ್ಟು ಗೊತ್ತಿತ್ತು. ಆದರೆ ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಬಳೆಗಾರನ ಕೂಗು ಕೇಳಿತು. ಚಿಕ್ಕ ಕೈಯ ಬಳೆಗಳನ್ನು ಅವನು ಕಡಿಮೆ ತರುತ್ತಿದ್ದ. ತಡವಾದರೆ ಉಳಿಯುತ್ತಿದ್ದದ್ದು ಮೊಣಕೈಯವರೆಗೆ ಜಾರುವ ದೊಡ್ಡವರ ಬಳೆಗಳು. ಹಿಂದಿನ ಸಲ ಅಂಥವನ್ನು ತೊಟ್ಟು, ಅವು ಬೀಳದಿರಲೆಂದು ದಿನವೆಲ್ಲ ಕೈ ಎತ್ತಿಕೊಂಡೇ ಓಡಾಡಿದ್ದೆ. ಮತ್ತೆ ಹಾಗಾಗಬಾರದು. ಕಂಬಳಿಯ ಮೇಲೆ ಅಂಗೈ ಇಟ್ಟು ನೋಡಿದೆ, ಬೆಚ್ಚಗಿತ್ತು. ಅಡಿಗೆ ಕೈ ಹಾಕಲಿಲ್ಲ. ಮಡಿಸಿದೆ, ಹೊತ್ತೆ, ಮನೆಯ ಮರದ ಪೆಟ್ಟಿಗೆಗೆ ತುರುಕಿದೆ, ಓಡಿದೆ. ಹಸಿರು ಬಳೆ ಸಿಕ್ಕಿತು.

ಸಂಜೆ ಅಕ್ಕ ಹುಲ್ಲಿನ ಹೊರೆ ಇಳಿಸುತ್ತ ಕೇಳಿದಳು, "ಮಗುಚಿ ಹಾಕಿದ್ಯೇನೇ?"

"ಹೂಂ."

ಒಂದು ಸಣ್ಣ ಹೂಂ. ಅದನ್ನು ಹೇಳುವಾಗ ನಾನು ಬಳೆಗಳನ್ನು ನೋಡುತ್ತಿದ್ದೆ.

ಕೆಲವು ವಾರಗಳ ಮೇಲೆ ಪಟ್ಟನಾಯಕನಹಳ್ಳಿ ಕಡೆಯಿಂದ ನೆಂಟರು ನಮ್ಮ ದೊಡ್ಡಪ್ಪನ ಮಗಳಿಗೆ ಗಂಡಿನ ಮಾತು ತಂದರು. ಗದ್ದಿಗೆ ಹಾಸಬೇಕೆಂದು ಅಪ್ಪ ಹೊಸ ಪಂಚೆ ಉಟ್ಟು ಪೆಟ್ಟಿಗೆ ತೆಗೆದರು. ಕಂಬಳಿ ಬಿಚ್ಚಿದ್ದೇ ತಡ, ಒಂದು ನಾತ ಎದ್ದು ಬಂತು. ಮಳೆಯಲ್ಲಿ ನೆನೆದ ನಾಯಿ ಒಲೆಯ ಮುಂದೆ ಮೈ ಕಾಯಿಸುತ್ತಿದ್ದರೆ ಹೇಗಿರುತ್ತದೋ ಹಾಗೆ, ಅದರ ಜೊತೆಗೆ ಏನೋ ಹುಳಿ. ಗಂಡಿನ ಕಡೆಯ ಹಿರಿಯರು ಕೂರಲು ಬಗ್ಗಿದವರು ಬಗ್ಗಿದ ಹಾಗೇ ನಿಂತರು.

"ಏನಪ್ಪಾ ಇದು, ಗದ್ದಿಗೆ ಕಂಬ್ಳಿನೋ, ನಾಯಿ ಕಂಬ್ಳಿನೋ?"

ಅಪ್ಪನ ಮುಖ ಕಪ್ಪಿಟ್ಟಿತು. ಹೊಸಿಲಿನ ಆಚೆ ಕೆಂಚ ಮುಂಗಾಲು ಜೋಡಿಸಿ, ಮೂಗು ಒಳಗಿಟ್ಟು ನೋಡುತ್ತಿತ್ತು. ಎಲ್ಲರ ಕಣ್ಣೂ ಅದರ ಮೇಲೆ ಹೋಯಿತು.

"ಯಾರಮ್ಮಾ ಕಂಬ್ಳಿ ನೋಡ್ಕೊಂಡಿದ್ದು?" ಎಂದು ಹಿರಿಯರು ಕೇಳಿದರು.

"ನಾನು" ಎಂದಳು ಅಕ್ಕ. "ಒಣಗ್ಸೇ ಇಟ್ಟಿದ್ವಿ. ಹೆಂಗಾಯ್ತೋ ಗೊತ್ತಿಲ್ಲ."

"ಹೆಂಗಾಯ್ತೋ ಅಂದ್ರೆ? ಪೆಟ್ಗೆ ಮುಚ್ಳ ತೆಗೆದಿಟ್ಟು ಆ ನಾಯೀನ ಒಳಗೆ ಬುಟ್ಕೊಂಡಿರ್ತೀಯ!" ಎಂದು ಅಪ್ಪ ಕೂಗಿದರು.

ಅಕ್ಕ ನನ್ನ ಕಡೆ ನೋಡಿದಳು. ಅನುಮಾನದಿಂದಲ್ಲ. ಇವಳೂ ಒಣಗಿಸಿದಳಲ್ಲ, ಸಾಕ್ಷಿ ಇದ್ದಾಳಲ್ಲ ಎಂಬ ಧೈರ್ಯದಿಂದ. ನಾನು ಕಂಬದ ಹಿಂದೆ ಸರಿದೆ. ಅವತ್ತು ಹಿರಿಯರು ಚಾಪೆಯ ಮೇಲೆ ಕೂತು ಮಾತು ಮುಗಿಸಿದರು. ಮದುವೆ ಆಯಿತು, ಚೆನ್ನಾಗಿಯೇ ಆಯಿತು. ಆದರೆ ಗದ್ದಿಗೆ ಇಲ್ಲದೆ ಆದ ಮಾತು ಎಂದು ಜನ ಆಡಿಕೊಂಡರು.

ಕೆಂಚನನ್ನು ಅಪ್ಪ ಪಾವಗಡದ ಕಡೆಗೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಕುರಿಗಾಹಿಯೊಬ್ಬನಿಗೆ ಕೊಟ್ಟುಬಿಟ್ಟರು. ಅಕ್ಕ ಅಳುತ್ತ ಗೋಣಿಚೀಲವನ್ನು ಮಡಿಸಿ ಅವನ ಕೈಗಿತ್ತು, "ಇದ್ರ ಮ್ಯಾಲೆ ಮಲಗ್ಸಪ್ಪ, ಇಲ್ದಿದ್ರೆ ನಿದ್ದೆ ಮಾಡಲ್ಲ ಅದು" ಎಂದಳು. ಆತ ತೆಲುಗೋ ಕನ್ನಡವೋ ತಿಳಿಯದ ಮಾತಿನಲ್ಲಿ, "ಏಡ್ವದ್ದಮ್ಮಾ, ನಾನು ಬಾಗಾ ನೋಡ್ಕೊಂತಾನು" ಎಂದ, ಅಳಬೇಡ, ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದು. ಒಳ್ಳೆಯವನೇ ಇರಬೇಕು. ಕೆಂಚ ಹಗ್ಗ ಎಳೆಯಲಿಲ್ಲ. ಅಕ್ಕ ಹೇಳಿದಳೆಂದು ಹೋಯಿತು. ನಾನು ನೋಡಿದೆ, ಬಳೆಯ ಕೈ ಹಿಂದೆ ಕಟ್ಟಿಕೊಂಡು.

ಮಾರನೆಯ ದಿನದಿಂದ ಅಕ್ಕ ಆ ಕಂಬಳಿಯ ಹಿಂದೆ ಬಿದ್ದಳು. ಅಮ್ಮ ಬಿಸಿನೀರಿಗೆ ಹಾಕು ಎಂದಳು. ಹಾಕಿದರೆ ನಾತ ಎಚ್ಚರಗೊಂಡು ಬೀದಿಗೇ ನಡೆಯಿತು. ಸೋದರತ್ತೆ ಕರ್ಪೂರ ಇಡು ಎಂದಳು. ಇಟ್ಟರೆ ನಾಯಿ ಭಜನೆ ಮುಗಿಸಿಕೊಂಡು ಬಂದ ಹಾಗಾಯಿತು. ಅಕ್ಕ ಯಾರ ಮಾತೂ ಬೇಡವೆಂದು ತಾನೇ ಶುರುಮಾಡಿದಳು. ತಣ್ಣೀರಿನಲ್ಲಿ ಹುಣಸೆ ಹುಳಿ ಕದಡಿ ನೆನೆಸಿದಳು. ಅಂಟುವಾಳ ಕಾಯಿಯ ನೊರೆಯಲ್ಲಿ ತುಳಿದಳು. ನೀರು ತಿಳಿಯಾಗುವವರೆಗೆ ಜಾಲಿಸಿದಳು. ಬಂಡೆಯ ಮೇಲೆ ಹರಡಿ ತಾನೇ ಕಾದು ಕೂತು, ಮಗುಚಿ, ಮತ್ತೆ ಮಗುಚಿ ಒಣಗಿಸಿದಳು. ಈ ಸಲ ನನಗೆ ಹೇಳಲಿಲ್ಲ. ನನ್ನ ಮೇಲೆ ನಂಬಿಕೆ ಹೋಗಿತ್ತೆಂದಲ್ಲ, ತನ್ನ ನಾಯಿ ಮಾಡಿದ್ದನ್ನು ತಾನೇ ತೊಳೆಯಬೇಕೆಂದು. ಆಮೇಲೆ ಮಡಿಕೆಗಳ ನಡುವೆ ಬೇವು ಮತ್ತು ಲಕ್ಕಿ ಸೊಪ್ಪಿಟ್ಟಳು. ಮುಂದಿನ ಗದ್ದಿಗೆಗೆ ಅದೇ ಕಂಬಳಿ ಹಾಸಿದಾಗ ಹಿರಿಯರು ಮೂಗು ಅರಳಿಸಿ, ಏನೂ ಸಿಗದೆ, ಕೂತರು. ಅಪ್ಪ ಅವತ್ತು ಅಕ್ಕನ ತಲೆ ಸವರಿದರು. ಅವಳು ನಗಲಿಲ್ಲ. ನನಗೆ ಮಾತ್ರ ಎದೆಯುಬ್ಬಿತು. ನಮ್ಮಕ್ಕ ಮಾಡಿದ್ದು ಎಂದು ಊರೆಲ್ಲ ಸಾರಿಕೊಂಡು ಬಂದೆ. ನನ್ನ ನಾಚಿಕೆಗೇಡಿತನ ನೋಡಿ.

ಆಣೆ ಹೋಗಿ ಹೊಸ ಪೈಸೆ ಬಂದು, ಸಂತೆಯಲ್ಲಿ ಎಲ್ಲರೂ ಲೆಕ್ಕ ತಪ್ಪುತ್ತಿದ್ದ ಕಾಲದಲ್ಲಿ ಅಕ್ಕನನ್ನು ಶಿರಾಕ್ಕೆ ಕೊಟ್ಟರು. ಭಾವ ಎಣ್ಣೆ ಗಾಣದಲ್ಲಿದ್ದರು. ಪಕ್ಕದ ಮನೆಯಲ್ಲಿ ಮಾಬೂಬಿ ಎಂಬಾಕೆ, ಬಟ್ಟೆ ಅಂಗಡಿಯವರ ಹೆಂಡತಿ. ಆಕೆ ಒಂದು ಬಿಳಿ ಬೆಕ್ಕು ಸಾಕಿದ್ದಳು. ಒಂದು ದಿನ ಆಕೆ ಜಮಖಾನವನ್ನು ಕಂಕುಳಲ್ಲಿ ಅಮುಕಿಕೊಂಡು ಅಳುತ್ತ ಬಂದಳು.

"ಯಾ ಅಲ್ಲಾ, ರಂಗಮ್ಮಾ, ನೋಡಮ್ಮಾ ಈ ಬಿಲ್ಲಿ ಕೆಲ್ಸ! ಅತ್ತರ್ ಹಾಕ್ದೆ, ಹೋಗಲ್ಲ. ನಮ್ಮವ್ರು ಇವತ್ತೇ ಚೀಲಕ್ಕೆ ಹಾಕಿ ಕೆರೆ ಆಚೆ ಬಿಡ್ತೀನಿ ಅಂತಾವ್ರೆ."

ಅಕ್ಕ ಜಮಖಾನ ಮೂಸಿ, "ಅತ್ತರು ಹಚ್ಕೊಂಡಿರೋ ಬೆಕ್ಕು. ಮದ್ವೆಗೆ ಹೊಂಟೈತಾ?" ಎಂದಳು. ಮಾಬೂಬಿ ಅಳುವಿನ ನಡುವೆಯೇ ನಕ್ಕಳು. ಅಕ್ಕ ಮೊದಲು ಕೇಳಿದ್ದು, "ಬಿಸಿನೀರು ಹುಯ್ದಿಲ್ಲ ತಾನೇ?" ಹುಯ್ದಿರಲಿಲ್ಲ. ಒದ್ದೆಯ ಮೇಲೆ ಒಣ ಬೂದಿ ಸುರಿದಳು, ಉಜ್ಜಲಿಲ್ಲ. ಉಜ್ಜಿದರೆ ಒಳಗಿಳಿಯುತ್ತದೆ, ಸುಮ್ಮನೆ ಕುಡಿಯಲು ಬಿಡಬೇಕು ಎಂದಳು. ಬೂದಿ ಕೊಡವಿದ ಮೇಲೆ ಜಮಖಾನದ ಮೂಲೆಯಲ್ಲಿ ಹುಣಸೆ ನೀರು ಮುಟ್ಟಿಸಿ, ಬಣ್ಣ ಬಿಡುವುದಿಲ್ಲವೆಂದು ನೋಡಿಕೊಂಡು ಆಮೇಲೆ ಪೂರ್ತಿ ನೆನೆಸಿದಳು. ಅಂಟುವಾಳ, ಜಾಲಿಸುವುದು, ಕೋಟೆಯ ಕಡೆಯ ಕಲ್ಲುಗಳ ಮೇಲೆ ಎರಡೂ ಮಗ್ಗುಲು ಬಿಸಿಲು. ಒಡೆದ ಮಡಕೆಯ ತಳದಲ್ಲಿ ಬೂದಿ, ಮರಳು ತುಂಬಿ, "ಇದು ಬೆಕ್ಕಿನ ಜಾಗ, ದಿನಾ ಬದಲಾಯಿಸು. ಜಾಗ ಕೊಡ್ದೆ ಬೈದ್ರೆ ಅದಾದ್ರೂ ಏನ್ ಮಾಡ್ತೈತೆ?" ಎಂದು ಮಾಬೂಬಿಗೆ ಕೊಟ್ಟಳು. ಜಮಖಾನ ಮರಳಿ ಹಾಸಿದ ದಿನ ಮಾಬೂಬಿಯ ಗಂಡ ಅದರ ಮೇಲೆ ಕೂತು, ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಹಾ ಕುಡಿದರಂತೆ.

ಅಲ್ಲಿಂದ ಸುದ್ದಿ ಹಬ್ಬಿತು. ಕೊರಟಗೆರೆಯಿಂದ ಬಸ್ಸಿನ ಟಾಪಿನ ಮೇಲೆ ಜಮಖಾನದ ಸುರುಳಿ ಬಂತು. ಕಂಡಕ್ಟರು ಅದನ್ನು ಇಳಿಸುವಾಗ ತೋರಿಸುತ್ತಿದ್ದ ಮುಖವನ್ನು ಭಾವ ಅಭಿನಯಿಸಿ ನಗಿಸುತ್ತಿದ್ದರು. ಪಾವಗಡದಿಂದ ಯಾರದೋ ಮನೆಯ ರತ್ನಗಂಬಳಿ ಗಾಡಿಯಲ್ಲಿ ಬಂತು. ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಇಳಿದು "ನಾತ ತೆಗ್ಯೋ ರಂಗಮ್ಮನ ಮನೆ" ಎಂದರೆ ಜಟಕಾದವರು ತಾವೇ ಕರೆತರುತ್ತಿದ್ದರು. "ನಮ್ಮಪ್ಪ ಕಟ್ಟಿದ ಗಾಣದ ಹೆಸ್ರು ಹೋಗಿ, ಮನೆಗೆ ಇದೆಂಥಾ ಹೆಸ್ರು ಬಂತಮ್ಮಾ" ಎಂದು ಭಾವ ಗೊಣಗುತ್ತಿದ್ದರು. ಆದರೆ ನೆಂಟರ ಮನೆಯಲ್ಲಿ ಅವರೇ ಮೊದಲು ಆ ಮಾತು ತೆಗೆಯುತ್ತಿದ್ದರು. ನಾನೂ ಅಷ್ಟೇ. ನನ್ನನ್ನು ಕೊಟ್ಟ ಮನೆಯಲ್ಲಿ ಅತ್ತೆ ಏನಾದರೂ ಅಂದರೆ, "ನಮ್ಮಕ್ಕ ಯಾರು ಗೊತ್ತಾ?" ಎಂದು ಶುರುಮಾಡುತ್ತಿದ್ದೆ. ಅತ್ತೆ, "ಗೊತ್ತು ಕಣಮ್ಮ, ಬೆಕ್ಕಿನ ಉಚ್ಚೆ ತೊಳಿಯೋಳು" ಎನ್ನುತ್ತಿದ್ದಳು. ಎನ್ನಲಿ. ಅತ್ತೆಯ ಕಂಬಳಿಯೂ ಒಂದು ದಿನ ಶಿರಾಕ್ಕೆ ಹೋಯಿತು.

ಅಕ್ಕ ಯಾರ ಕಂಬಳಿ ತೆಗೆದುಕೊಂಡರೂ ಒಂದು ಷರತ್ತು ಹಾಕುತ್ತಿದ್ದಳು. ಕಂಬಳಿ ಮರಳಿ ಮನೆ ಸೇರುವವರೆಗೆ ನಾಯಿಯನ್ನಾಗಲಿ ಬೆಕ್ಕನ್ನಾಗಲಿ ಹೊರಗೆ ಹಾಕಬಾರದು. "ಇದು ಹೋಗೋ ವಾಸ್ನೆ. ಪ್ರಾಣಿ ಹೋದ್ರೆ ಬರಲ್ಲ" ಎನ್ನುತ್ತಿದ್ದಳು. ಜನ ತಲೆಯಾಡಿಸುತ್ತಿದ್ದರು. ಈ ಷರತ್ತು ಎಲ್ಲಿಂದ ಬಂತೆಂದು ನನಗೊಬ್ಬಳಿಗೆ ಗೊತ್ತಿತ್ತು. ಪ್ರತಿ ಸಲವೂ ಹೇಳಿಬಿಡಬೇಕೆಂದು ಬಾಯಿಯವರೆಗೆ ಬರುತ್ತಿತ್ತು. ಆದರೆ ಅವಳ ಹೆಸರನ್ನು ಹೊಗಳಿ ಹೊಗಳಿ ನಾನೇ ಎತ್ತರಕ್ಕೆ ಏರಿಸಿದ್ದೆ. ಆ ಹೆಸರಿನ ಬುಡದಲ್ಲಿ ನನ್ನ ಸುಳ್ಳಿದೆ ಎಂದು ಹೇಳಿದರೆ ಅವಳ ವಿದ್ಯೆಗೆ ಏನಾಗುತ್ತದೋ ಎಂದು ನೆಪ ಹೇಳಿಕೊಳ್ಳುತ್ತಿದ್ದೆ. ಅವಳ ವಿದ್ಯೆಗೆ ಏನೂ ಆಗುತ್ತಿರಲಿಲ್ಲ. ಆಗುವುದಿದ್ದದ್ದು ನನಗೆ.

ನಾನು ಎರಡನೆಯ ಬಾಣಂತನದ ಮೇಲೆ ಅಕ್ಕನ ಮನೆಗೆ ಬಂದಿದ್ದೆ. ಒಂದು ಬೆಳಿಗ್ಗೆ ಕೊಡಿಗೇನಹಳ್ಳಿ ಕಡೆಯ ಹೆಂಗಸೊಬ್ಬಳು ಕಂಬಳಿ ತಂದಳು. ಜೊತೆಗೆ ಹಗ್ಗ ಕಟ್ಟಿದ ನಾಯಿಯನ್ನೂ ತಂದಿದ್ದಳು.

"ನಾಯೀನ ಯಾಕಮ್ಮ ತಂದೆ? ಅದ್ನೂ ಒಗೀಬೇಕಾ?" ಎಂದಳು ಅಕ್ಕ.

"ಅಯ್ಯೋ, ಇಲ್ಲೇ ಎಲ್ಲಾದ್ರೂ ಬುಟ್ಟು ಹೋಗು ಅಂದವ್ರೆ ನಮ್ಮ ಮನೆಯೋರು. ಕಂಬ್ಳಿ ಮ್ಯಾಲೆ ಮಾಡೈತೆ ನೋಡು."

ಅಕ್ಕ ಕಂಬಳಿ ಬಿಚ್ಚಿ ಮೂಸಿದಳು. ಮತ್ತೆ ಮೂಸಿದಳು. ಅಡಿಯ ಮಗ್ಗುಲಿಗೆ ಕೈಯಾಡಿಸಿದಳು.

"ಹೊಸ ಕಂಬ್ಳಿನಾ?"

"ಹೂಂ, ಹೋದ ತಿಂಗ್ಳು ತಂದಿದ್ದು."

"ಇದು ನಾಯಿದಲ್ಲ ಕಣಮ್ಮ. ಗಂಜಿ ಹುಳ್ತೈತೆ. ನೆನ್ಸಿದ ಕಂಬ್ಳೀನ ಪೂರ್ತಿ ಒಣಗಿಸ್ದೆ ಯಾರೋ ಮಡ್ಸವ್ರೆ. ಹಸಿ ಉಣ್ಣೆ, ಹುಳ್ತ ಗಂಜಿ, ಎರ್ಡೂ ಸೇರಿದ್ರೆ ಥೇಟು ನಾಯಿ ವಾಸ್ನೆ ಬರ್ತೈತೆ. ಕರ್ಕೊಂಡೋಗು ಅದ್ನ. ಮನೆಗೆ ಹೋಗಿ ಅದ್ಕೆ ಒಂದು ಮುದ್ದೆ ಜಾಸ್ತಿ ಹಾಕು."

ಹೆಂಗಸು ನಾಚಿಕೊಂಡು, ನಾಯಿಯ ಹಗ್ಗ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಹೋದಳು. ನಾಯಿ ಅವಳ ಮುಂದೆ ಮುಂದೆ ಓಡಿತು. ಅಕ್ಕ ಬಾನಿಗೆ ನೀರು ಸುರಿಯುತ್ತ ನಿಂತಳು. ನಾನು ಕೂಸಿಗೆ ಹಾಲೂಡಿಸುತ್ತ ಜಗಲಿಯ ಮೇಲಿದ್ದೆ. ಈಗ ಅವಳಿಗೆ ಹೊಳೆಯುತ್ತದೆ, ಈಗ ತಿರುಗಿ ನನ್ನನ್ನು ನೋಡುತ್ತಾಳೆ ಎಂದುಕೊಂಡೆ.

ಅವಳು ತಿರುಗಿದಳು. "ಪಾಪ, ಅದ್ಕೆ ಬಾಯಿಲ್ಲ ನೋಡೇ" ಎಂದಳು. "ಈ ವಾಸ್ನೆ ಸಿಕ್ಕಿದಾಗೆಲ್ಲ ನಮ್ಮ ಕೆಂಚನ್ನ ನೆನ್ಸ್ಕೊಂತೀನಿ. ಆ ಗದ್ದಿಗೆ ಕಂಬ್ಳೀದೂ ಇಂಗೇ ಏನಾದ್ರೂ ಇತ್ತಾ ಅಂತ ಒಂದೊಂದ್ ಸಲ ಅನ್ನಿಸ್ತೈತೆ. ಆದ್ರೆ ನೀನು ಮಗುಚಿ ಒಣಗ್ಸಿದ್ದೆ ಅಲ್ವಾ. ಅದು ಕೆಂಚಂದೇ ಬುಡು. ನಾನೇ ಸರಿಯಾಗಿ ಕಲಿಸ್ಲಿಲ್ಲ ಅದ್ಕೆ."

ಊರೆಲ್ಲ ಹೊಗಳಿದ ಮೂಗು ಅವಳದು. ನಿಜ ಏನೆಂದು ಅದು ಅವಳಿಗೆ ಹೇಳುತ್ತಲೇ ಇತ್ತು. ಅವಳು ತನ್ನ ಮೂಗನ್ನು ಬಿಟ್ಟು ನನ್ನ ಒಂದು ಹೂಂ ಅನ್ನು ನಂಬಿದ್ದಳು, ಇಷ್ಟು ವರ್ಷ.

ಕೂಸನ್ನು ಪಕ್ಕಕ್ಕೆ ಮಲಗಿಸಿದೆ. ಜಗಲಿಯಿಂದ ಇಳಿದು ಬಾನಿಯ ಹತ್ತಿರ ಹೋದೆ. ಅವಳ ಒದ್ದೆ ಕೈ ಹಿಡಿದುಕೊಂಡೆ.

"ಏನೇ ಲೇ, ಕೂಸ್ನ ಬುಟ್ಟು ಯಾಕೆ ಬಂದೆ? ಕೈ ಒದ್ದೆ ಆಗ್ತೈತೆ, ಬುಡು."

"ಅಕ್ಕ, ನಾನು ಮಗುಚಿರ್ಲಿಲ್ಲ. ಬಳೆ ತೊಡ್ಸ್ಕೊಳ್ಳೋಕೆ ಓಡೋಗಿದ್ದೆ. ನೀನು ಕೇಳ್ದಾಗ ಸುಳ್ಳು ಹೇಳ್ದೆ. ಕೆಂಚ ಏನೂ ಮಾಡಿರ್ಲಿಲ್ಲ ಕಣಕ್ಕ, ನೀನು ಅದ್ಕೆ ಚೆನ್ನಾಗೇ ಕಲ್ಸಿದ್ದೆ. ನಂದು ತಪ್ಪಾಯ್ತು, ಅಕ್ಕ. ತಪ್ಪಾಯ್ತು."